ಬ್ಯಾಟರಿ ಶುದ್ಧ, ಕರೆಂಟು ಅಶುದ್ಧ: ಈ ತೀರ್ಪು ಎಷ್ಟು ಸರಿ?

ರೇಡಿಯೊ, ಟೇಪ್‌ರೆಕಾರ್ಡರ್, ಮನೆಯ ಸಣ್ಣ ಆಂಪ್ಲಿಫೈಯರ್ - ಯಾವುದರ ಮಾತು ಬಂದರೂ ಒಂದು ಸಲಹೆ ಕೇಳಿಬರುತ್ತದೆ: "ಧ್ವನಿ ಶುದ್ಧವಾಗಿರಬೇಕಾದರೆ ಬ್ಯಾಟರಿಯಲ್ಲೇ ಹಾಕಿ, ಕರೆಂಟಿಗೆ ಹಾಕಿದರೆ ಗುಂಯ್‌ಗುಡುತ್ತದೆ." ಅಂಗಡಿಯವರೂ ಹವ್ಯಾಸಿಗಳೂ ಇದನ್ನು ನಂಬಿದ್ದಾರೆ. ಇದರ ಹಿಂದೆ ಅನುಭವವೂ ಇದೆ. ಆದರೆ ಆ ಅನುಭವಕ್ಕೆ ಕೊಡುವ ವಿವರಣೆ ಅರ್ಧಂಬರ್ಧವಾದುದು. ಅದನ್ನು ಒರೆಗೆ ಹಚ್ಚಿ ನೋಡೋಣ.

ವಿಚಾರಕ್ಕೆ ಒಂದು ಊರನ್ನು ತೆಗೆದುಕೊಳ್ಳೋಣ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿನಲ್ಲಿ ಮದ್ದೂರು ಇದೆ. (ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರು ಬೇರೆ.) ಇಂಥ ಕಾಡಂಚಿನ ಊರಿಗೆ ಪ್ರಸಾರ ಕೇಂದ್ರಗಳು ದೂರ, ಆದ್ದರಿಂದ ರೇಡಿಯೊ ಸಂಕೇತ ದುರ್ಬಲ. ಬ್ಯಾಟರಿಯೋ ಕರೆಂಟೋ ಎಂಬ ಪ್ರಶ್ನೆಯ ಎಲ್ಲ ಮುಖಗಳೂ ಇಲ್ಲಿ ಒಟ್ಟಿಗೆ ಎದುರಾಗುತ್ತವೆ.

ಗುಂಯ್ ಎಲ್ಲಿಂದ ಬರುತ್ತದೆ?

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಪರ್ಯಾಯ ವಿದ್ಯುತ್. ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸುತ್ತದೆ. ನಾಲ್ಕು ಡಯೋಡುಗಳ ಸೇತುವೆ ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆಗ ಸೆಕೆಂಡಿಗೆ 100 ಉಬ್ಬುಗಳು ಉಂಟಾಗುತ್ತವೆ. ಉಬ್ಬುಗಳ ನಡುವಿನ ತಗ್ಗನ್ನು ತುಂಬುವುದು ಧಾರಕದ, ಅಂದರೆ ರಿಪೇರಿಯವರು ಹೇಳುವ ಕಂಡೆನ್ಸರ್‌ನ ಕೆಲಸ.

ಎಷ್ಟು ತಗ್ಗು ಉಳಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಪ್ರವಾಹವನ್ನು ಆವೃತ್ತಿ ಮತ್ತು ಧಾರಕತೆಗಳ ಗುಣಲಬ್ಧದಿಂದ ಭಾಗಿಸಿದರೆ ಸಾಕು. 0.1 ಆಂಪಿಯರ್ ಎಳೆಯುವ ರೇಡಿಯೊಗೆ 1000 ಮೈಕ್ರೊಫ್ಯಾರಡ್ ಧಾರಕ ಹಾಕಿದರೆ ಏರಿಳಿತ ಸುಮಾರು 1 ವೋಲ್ಟ್. 6 ವೋಲ್ಟಿನ ರೇಡಿಯೊಗೆ ಇದು ಬಹಳ ಹೆಚ್ಚು. 4700 ಮೈಕ್ರೊಫ್ಯಾರಡ್ ಹಾಕಿದರೆ ಏರಿಳಿತ ಸುಮಾರು 0.2 ವೋಲ್ಟಿಗೆ ಇಳಿಯುತ್ತದೆ. ಅದರ ಮುಂದೆ 7806ರಂಥ ರೆಗ್ಯುಲೇಟರ್ ಇದ್ದರೆ ಉಳಿದುದು ಸುಮಾರು ಸಾವಿರದ ಒಂದು ಪಾಲಾಗುತ್ತದೆ. ಅದು ಕಿವಿಗೆ ಸಿಗುವುದಿಲ್ಲ.

ಆದ್ದರಿಂದ ದೋಷ ಕರೆಂಟಿನದಲ್ಲ, ಕಂಜೂಸಿತನದಿಂದ ಮಾಡಿದ ಎಲಿಮಿನೇಟರಿನದು. ಶಾಲೆಯ ಪ್ರಯೋಗಾಲಯದ ಬ್ಯಾಟರಿ ಎಲಿಮಿನೇಟರನ್ನು ರೇಡಿಯೊಗೆ ಜೋಡಿಸಿ, ಗುಂಯ್ ಎಂದೊಡನೆ ಕರೆಂಟನ್ನು ದೂರುವುದು ಸರಿಯಲ್ಲ. ಅಂಥ ಎಷ್ಟೋ ಪೆಟ್ಟಿಗೆಗಳು ಓಮನ ನಿಯಮದ ಪ್ರಯೋಗಕ್ಕಾಗಿ ಮಾಡಿದವು. ಅಲ್ಲಿ ಏರಿಳಿತ ಇದ್ದರೂ ಅಮ್ಮೀಟರಿನ ಮುಳ್ಳು ಗಮನಿಸುವುದಿಲ್ಲ, ಕಿವಿಯಾದರೋ ಗಮನಿಸುತ್ತದೆ.

ಇನ್ನೆರಡು ಕಾರಣಗಳು

ಆಂಪ್ಲಿಫೈಯರನ್ನು ಟಿವಿಗೆ ಜೋಡಿಸಿದಾಗ ಮಾತ್ರ ಗುಂಯ್ ಬರುವುದುಂಟು. ಎರಡೂ ಉಪಕರಣಗಳು ಕರೆಂಟಿಗೆ ಸೇರಿದ್ದು, ಭೂಸಂಪರ್ಕದ ಮೂಲಕ ಒಂದು ಕುಣಿಕೆಯಾಗಿ ಮುಚ್ಚಿಕೊಂಡಿದ್ದರೆ, ಆ ಕುಣಿಕೆಯಲ್ಲಿ 50 ಹರ್ಟ್ಸ್ ಪ್ರವಾಹ ಹರಿಯುತ್ತದೆ. ಒಂದನ್ನು ಬ್ಯಾಟರಿಗೆ ಹಾಕಿದೊಡನೆ ಕುಣಿಕೆ ಕಡಿದು ಸದ್ದು ನಿಲ್ಲುತ್ತದೆ. ಇಲ್ಲಿ ಉಪಕಾರ ಮಾಡಿದ್ದು ಬ್ಯಾಟರಿಯ ಶುದ್ಧತೆಯಲ್ಲ, ಕುಣಿಕೆ ಕಡಿದದ್ದು. ಕೆಲವರು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ತಂತಿಯನ್ನೇ ಬಿಚ್ಚಿಬಿಡುತ್ತಾರೆ. ಇದು ಪ್ರಾಣಕ್ಕೆ ಅಪಾಯ; ಎಂದೂ ಮಾಡಬಾರದು.

ಮೂರನೆಯ ಕಾರಣ ಈಚಿನದು. ಹಗುರವಾದ ಅಡಾಪ್ಟರು, ಮೊಬೈಲ್ ಚಾರ್ಜರುಗಳಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಲಾಗುತ್ತದೆ. ಆ ಆವೃತ್ತಿ 65 ಕಿಲೊಹರ್ಟ್ಸ್ ಎಂದುಕೊಂಡರೆ, ಅದರ 9ನೆಯ ಗುಣಕ 585, 24ನೆಯದು 1560 ಕಿಲೊಹರ್ಟ್ಸ್. ಇವೂ ನಡುವಿನವೂ ಮೀಡಿಯಂ ವೇವ್ ಪಟ್ಟಿಯೊಳಗೇ ಬೀಳುತ್ತವೆ. ದುರ್ಬಲ ಕೇಂದ್ರವನ್ನು ಕೇಳುವ ಮದ್ದೂರಿನಂಥ ಊರಿನಲ್ಲಿ ಈ ಗೊರಗೊರ ಮಾತನ್ನೇ ಮುಚ್ಚಿಬಿಡಬಲ್ಲದು. ಎಫ್‌ಎಂನಲ್ಲಿ ಈ ತೊಂದರೆ ಕಡಿಮೆ. ಗಮನಿಸಿ: ಅಡಾಪ್ಟರ್ ಪಕ್ಕದ ಗೂಡಿನಲ್ಲಿದ್ದರೆ, ಸೆಲ್ ಹಾಕಿದ ರೇಡಿಯೊ ಕೂಡ ಗೊರಗುಡುತ್ತದೆ. ಆನೆಗಳನ್ನು ತಡೆಯಲು ಹೊಲದ ಸುತ್ತ ಹಾಕುವ ಸೌರ ಬೇಲಿಯಲ್ಲಿ ಎಲ್ಲಿಯಾದರೂ ಸೋರಿಕೆಯಿದ್ದರೆ, ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎಂಬ ಸದ್ದು ಬರಬಹುದು. ಇದಕ್ಕೂ ಬ್ಯಾಟರಿ ಮದ್ದಲ್ಲ. ರೇಡಿಯೊವನ್ನು ಬೇರೆ ದಿಕ್ಕಿಗೆ ತಿರುಗಿಸುವುದೇ ಮೇಲು.

ಬ್ಯಾಟರಿಯ ದೋಷಗಳು

ಸೆಲ್ ಹಳೆಯದಾದಂತೆ ಅದರ ಆಂತರಿಕ ರೋಧ ಹೆಚ್ಚುತ್ತದೆ. ನಾಲ್ಕು ಸೆಲ್ಲುಗಳಲ್ಲಿ ಒಟ್ಟು 2 ಓಮ್ ರೋಧವಿದ್ದರೆ, ತಬಲದ ಒಂದು ಪೆಟ್ಟಿಗೆ 0.5 ಆಂಪಿಯರ್ ಬೇಕಾದಾಗ 1 ವೋಲ್ಟ್ ಕುಸಿಯುತ್ತದೆ. ಧ್ವನಿ ಒಡೆಯುತ್ತದೆ. ಹಳೆಯ ಟ್ರಾನ್ಸಿಸ್ಟರುಗಳು ಸೆಲ್ ಮುಗಿಯುವಾಗ ಮೋಟಾರ್ ದೋಣಿಯಂತೆ ಬುಡುಬುಡು ಎನ್ನುತ್ತಿದ್ದುದೂ ಈ ರೋಧದ ಫಲ.

ಇನ್ನು ಖರ್ಚು. ಒಂದು ಒಳ್ಳೆಯ ಕ್ಷಾರೀಯ ಪೆನ್‌ಸೆಲ್ ಕೊಡುವುದು ಸುಮಾರು 3 ವಾಟ್-ಗಂಟೆ. ಕರೆಂಟಿನ ಒಂದು ಯೂನಿಟ್ ಎಂದರೆ 1000 ವಾಟ್-ಗಂಟೆ. ಒಂದು ಯೂನಿಟ್ಟಿಗೆ ಮುನ್ನೂರಕ್ಕೂ ಹೆಚ್ಚು ಸೆಲ್ಲು ಬೇಕು! ನಿಮ್ಮೂರಿನ ಅಂಗಡಿಯ ಬೆಲೆಯಿಂದ ಗುಣಿಸಿ ನೋಡಿ.

ಮನೆಯ ಯುಪಿಎಸ್‌ನ ಕಥೆ ಇನ್ನೂ ವಿಚಿತ್ರ. ಬ್ಯಾಟರಿಯ 12 ವೋಲ್ಟನ್ನು 230 ಮಾಡಿ, ಅಡಾಪ್ಟರಿನಿಂದ ಮತ್ತೆ 12 ಮಾಡುತ್ತೇವೆ. ಅಗ್ಗದ ಯುಪಿಎಸ್ ಕೊಡುವುದು ಚೌಕಾಕಾರದ ಅಲೆ. ಅದರಿಂದ ಟ್ರಾನ್ಸ್‌ಫಾರ್ಮರೇ ಗುಂಯ್‌ಗುಡುತ್ತದೆ. ಲಿಥಿಯಂ ಸೆಲ್ಲಿನ ಸಣ್ಣ ಸ್ಪೀಕರುಗಳಲ್ಲೂ ಎಷ್ಟೋ ಕಡೆ 3.7 ವೋಲ್ಟನ್ನು ಏರಿಸುವ ಕತ್ತರಿಸುವ ಮಂಡಲ ಒಳಗೇ ಇರುತ್ತದೆ. 'ಬ್ಯಾಟರಿ' ಎಂದ ಮಾತ್ರಕ್ಕೆ ಶುದ್ಧ ಎನ್ನಲು ಬರುವುದಿಲ್ಲ.

ತರಗತಿಯಲ್ಲಿ ಪರೀಕ್ಷಿಸಿ

ಬ್ಯಾಟರಿಗೆ ಬದಲಾಯಿಸಿದಾಗ ಏರಿಳಿತ, ಕುಣಿಕೆ, ಅಡಾಪ್ಟರಿನ ವಿಕಿರಣ ಈ ಮೂರೂ ಒಮ್ಮೆಗೇ ಬದಲಾಗುತ್ತವೆ. ಯಾವುದರಿಂದ ಗುಣವಾಯಿತು ಎಂದು ಹೇಗೆ ಹೇಳುವುದು? ಪ್ರಚಲಿತ ಸಲಹೆಯ ಮುಖ್ಯ ದೋಷ ಇದೇ. ಒಂದೊಂದನ್ನೇ ಬದಲಾಯಿಸಿ ನೋಡಬೇಕು.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಆಗಲೂ ಗುಂಯ್ ಉಳಿದರೆ ಏರಿಳಿತವನ್ನು ಶಂಕಿಸಿ. ಬಳಿಕ, ಬೇರೆ ಉಪಕರಣದ ತಂತಿ ಬಿಚ್ಚಿ. ಸದ್ದು ನಿಂತರೆ ಕುಣಿಕೆಯನ್ನು ಶಂಕಿಸಿ. ಕೊನೆಗೆ, ರೇಡಿಯೊಗೆ ಸೆಲ್ ಹಾಕಿ, ಅಡಾಪ್ಟರಿನಿಂದ ಬೇರೇನನ್ನಾದರೂ ನಡೆಸುತ್ತ ಅದನ್ನು ಹತ್ತಿರ ತನ್ನಿ. ಗೊರಗೊರ ಬಂದರೆ ಅದು ವಿಕಿರಣ.

ದಿನವಿಡೀ ಮನೆಯಲ್ಲೇ ಹಾಡು ಕೇಳುವವರಿಗೆ ಟ್ರಾನ್ಸ್‌ಫಾರ್ಮರ್, ದೊಡ್ಡ ಧಾರಕ, ರೆಗ್ಯುಲೇಟರ್ ಇರುವ ಕರೆಂಟಿನ ವ್ಯವಸ್ಥೆಯೇ ಸಾಕು, ಅದೇ ಅಗ್ಗ. ದೂರದ ಮೀಡಿಯಂ ವೇವ್ ಕೇಂದ್ರ ಕೇಳುವವರು, ಕರೆಂಟು ಹೋದಾಗ ಸುದ್ದಿ ಬೇಕಾದವರು, ಹೊಲದ ಕಾವಲಿಗೆ ಹೋಗುವವರು ಬ್ಯಾಟರಿ ಇಟ್ಟುಕೊಳ್ಳಲಿ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ಲಾದರೆ ಇನ್ನೂ ಒಳ್ಳೆಯದು. ಯಾವುದನ್ನೇ ಆರಿಸಿದರೂ, ಮೇಲಿನ ಮೂರು ಪರೀಕ್ಷೆ ಮುಗಿಸಿ ಆಮೇಲೆ ದುಡ್ಡು ಬಿಚ್ಚಿ.