‘ಕೆಟ್ಟ ಜೀನ್’ ಎಂಬ ತಪ್ಪು ಮಾತು

ದೊಡ್ಡ ಕರುಳಿನ ಕ್ಯಾನ್ಸರ್ ಬಂದವರ ಮನೆಗೆ ಜೆನೆಟಿಕ್ ರಿಪೋರ್ಟ್ ಬಂದ ದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಜೀನ್‌ನಲ್ಲೇನಾದರೂ ದೋಷ ಇದೆಯಾ?’ ಇದೆ ಎಂದರೆ ಅರ್ಧ ಆಸೆ ಬಿಟ್ಟ ಹಾಗೆ. ವಂಶದಿಂದಲೇ ಬಂದದ್ದು ಎಂದರೆ ಪೂರ್ತಿ. ಓದಿದವರೂ ಹೀಗೇ ನಂಬಿದ್ದಾರೆ. ಈ ನಂಬಿಕೆ ತಪ್ಪು.

ಅದಕ್ಕೆ ಬೇರು ಇಲ್ಲದಿಲ್ಲ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಹೆಂಗಸೊಬ್ಬಳು, ತನ್ನ ಮನೆಯವರಲ್ಲಿ ಎಷ್ಟೋ ಮಂದಿ ಕ್ಯಾನ್ಸರಿನಿಂದಲೇ ಸತ್ತರು, ತಾನೂ ಹಾಗೇ ಸಾಯುತ್ತೇನೆ ಎಂದು ಡಾ. ಆಲ್ಡ್ರೆಡ್ ವಾರ್ಥಿನ್ ಅವರಿಗೆ ಹೇಳಿದಳು. ಹಾಗೇ ಆಯಿತು, ಗರ್ಭಕೋಶದ ಕ್ಯಾನ್ಸರ್ ಅವಳನ್ನು ಕೊಂಡೊಯ್ಯಿತು. 1913ರಲ್ಲಿ ವಾರ್ಥಿನ್ ಪ್ರಕಟಿಸಿದ ಆ ಕುಟುಂಬದ, ದೊಡ್ಡ ಕರುಳಿನ ಕ್ಯಾನ್ಸರನ್ನೂ ತರುವ ಕಾಯಿಲೆಗೆ ಇಂದು ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಅವಳ ವಂಶದಲ್ಲಿ ಹರಿದುಬಂದ ದೋಷ ಎಂಥದು? ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ಅವನ್ನು ತಿದ್ದುವುದು ಎಂಎಸ್‌ಎಚ್2, ಎಂಎಲ್‌ಎಚ್1 ಮೊದಲಾದ ಜೀನ್‌ಗಳ ಕೆಲಸ. ಅವು ಕೆಟ್ಟರೆ ತಪ್ಪುಗಳು ರಾಶಿ ಬಿದ್ದು ಗಡ್ಡೆ ಹುಟ್ಟುತ್ತದೆ. ಆದರೆ ಅಷ್ಟೊಂದು ತಪ್ಪು ತುಂಬಿಕೊಂಡ ಗಡ್ಡೆ ದೇಹದ ರಕ್ಷಕ ಕೋಶಗಳ ಕಣ್ಣಿಗೆ ಪರಕೀಯವಾಗಿ ಕಾಣುತ್ತದೆ, ಅವು ಮುಗಿಬೀಳುತ್ತವೆ. ಅದಕ್ಕೇ ಎರಡನೇ ಹಂತದ ರೋಗಿಗಳಲ್ಲಿ ಈ ದೋಷ ಇರುವವರ ಸ್ಥಿತಿಯೇ ಅದು ಇಲ್ಲದವರ ಸ್ಥಿತಿಗಿಂತ ಚೆನ್ನಾಗಿರುತ್ತದೆ. ರೋಗ ಹುಟ್ಟಿಸಿದ ದೋಷವೇ ರೋಗಿಯ ಪಕ್ಷ ವಹಿಸುತ್ತದೆ! ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಲ್ಲಿ ಇದು ಕಾಣುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಅದು ಹಿರಿಯರಿಂದ ಬಂದದ್ದೂ ಅಲ್ಲ, ಗಡ್ಡೆಯೊಳಗೇ ಆದದ್ದು.

ಅದೇ ದೋಷ, ನಾಲ್ಕನೇ ಹಂತಕ್ಕೆ ಹೋದರೆ ಚಿತ್ರವೇ ಬೇರೆ. ಹಳೆಯ ಕೀಮೋ ಅಲ್ಲಿ ಹೆಚ್ಚು ನಡೆಯುತ್ತಿರಲಿಲ್ಲ. 2020ರಲ್ಲಿ ಫಲಿತಾಂಶ ಹೊರಬಂದ ಔಷಧಿ ಪ್ರಯೋಗವೊಂದರಲ್ಲಿ ರೋಗ ಬೆಳೆಯದೆ ನಿಂತ ಮಧ್ಯಮ ಅವಧಿ ಕೀಮೋ ಪಡೆದವರಲ್ಲಿ 8.2 ತಿಂಗಳು, ರಕ್ಷಕ ಕೋಶಗಳನ್ನು ಗಡ್ಡೆಯ ಮೇಲೆ ಬಿಡುವ ಪೆಂಬ್ರೊಲಿಜುಮಾಬ್ ಎಂಬ ಔಷಧಿ ಪಡೆದವರಲ್ಲಿ 16.5 ತಿಂಗಳು. 2022ರಲ್ಲಿ ನ್ಯೂಯಾರ್ಕಿನ ವೈದ್ಯರು ಇದೇ ದೋಷವಿದ್ದ ಗುದನಾಳದ ಕ್ಯಾನ್ಸರಿನ 12 ರೋಗಿಗಳಿಗೆ ಅದೇ ಬಗೆಯ ಡೊಸ್ಟಾರ್ಲಿಮಾಬ್ ಕೊಟ್ಟರು. ಶಸ್ತ್ರಚಿಕಿತ್ಸೆಯಿಲ್ಲ, ವಿಕಿರಣವಿಲ್ಲ, 12 ಜನರಲ್ಲೂ ಗಡ್ಡೆ ಮಾಯವಾಯಿತು. ಜೀನ್ ಬದಲಾಗಿರಲಿಲ್ಲ, ಔಷಧಿ ಬದಲಾಗಿತ್ತು.

ಎಲ್ಲ ದೋಷಗಳೂ ಹೀಗೆ ಒಲಿಯುವುದಿಲ್ಲ, ಒಪ್ಪುತ್ತೇನೆ. ಹರಡಿದ ಕ್ಯಾನ್ಸರಿನಲ್ಲಿ ಬ್ರಾಫ್ ಎಂಬ ಜೀನ್‌ನ ವಿ600ಇ ಬದಲಾವಣೆ ಕಂಡರೆ ದಾರಿ ಕಠಿಣವೇ. ಆದರೆ ಸುಮಾರು ಶೇ. 40 ರೋಗಿಗಳಲ್ಲಿ ಕಾಣುವ ಕೆರಾಸ್ ಜೀನ್‌ನ ಬದಲಾವಣೆಯನ್ನು ನೋಡಿ. ಅದು ಮುಖ್ಯವಾಗಿ ಹೇಳುವುದು ಸೆಟುಕ್ಸಿಮಾಬ್ ಎಂಬ ಔಷಧಿ ಕೊಟ್ಟು ಪ್ರಯೋಜನವಿಲ್ಲ ಎಂದು. ದುಬಾರಿ ಔಷಧಿಗೆ ಹೊಲ ಮನೆ ಅಡವಿಡುವ ಕುಟುಂಬಕ್ಕೆ ಇದು ಎಷ್ಟು ದೊಡ್ಡ ಮಾಹಿತಿ!

ರಿಪೋರ್ಟನ್ನು ಆಯುಸ್ಸಿನ ಲೆಕ್ಕವೆಂದು ಓದುವವರು ಪರೀಕ್ಷೆ ಮಾಡಿಸಲೇ ಹೆದರುತ್ತಾರೆ, ಮಾಡಿಸಿದರೂ ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಬಚ್ಚಿಡುತ್ತಾರೆ. ಈ ಗುಟ್ಟೇ ಜೀವ ತೆಗೆಯುವುದು. ಬಯಾಪ್ಸಿಗೆ ತೆಗೆದ ತುಣುಕಿನಲ್ಲೇ ಈ ತಿದ್ದುವ ಜೀನ್‌ಗಳ ಪರೀಕ್ಷೆ ಆಗುತ್ತದೆ. ವೈದ್ಯರನ್ನು ಕೇಳಿ ಮಾಡಿಸಿ. ದೋಷ ವಂಶದ್ದೆಂದು ಗೊತ್ತಾದರೆ ನಿಮ್ಮ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಒಬ್ಬೊಬ್ಬರಿಗೂ ಅದು ಇರುವ ಸಾಧ್ಯತೆ ಶೇ. 50. ಇದ್ದವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೊಸ್ಕೋಪಿ ಮಾಡಿಸಿಕೊಂಡರೆ ಗಡ್ಡೆಯನ್ನು ಮೊಳಕೆಯಲ್ಲೇ ತೆಗೆಯಬಹುದು. ದಯವಿಟ್ಟು ಅವರಿಂದ ಮುಚ್ಚಿಡಬೇಡಿ.