ಉಳದ ಗದ್ದೆಯ ಉದ್ದು

ಆಂಧ್ರದ ಗಾಜುವಾಕದ ನನ್ನ ಮನೆಯ ಸುತ್ತ ಉಕ್ಕಿನ ಕಾರ್ಖಾನೆಯದೇ ಸದ್ದು. ಗದ್ದೆಯ ವಾಸನೆ ಬೇಕೆನಿಸಿದರೆ ದುವ್ವಾಡದಲ್ಲಿ ರೈಲು ಹತ್ತಿ ವಿಜಯವಾಡ ಸೇರುತ್ತೇನೆ, ಅಲ್ಲಿಂದ ತೆನಾಲಿಯ ಕಡೆ ಹೊರಡುತ್ತೇನೆ. ಡಿಸೆಂಬರಿನಲ್ಲಿ ಹೋಗುವುದು ಭತ್ತ ನೋಡಲಿಕ್ಕಲ್ಲ, ಕೊಯ್ದ ಭತ್ತದ ಕೂಳೆಗಳ ನಡುವೆ ಮೊಳೆತು ನಿಂತ ಉದ್ದನ್ನು ನೋಡಲಿಕ್ಕೆ.

ಕೃಷ್ಣಾ ಡೆಲ್ಟಾದವರು ಇದನ್ನು ‘ವರಿ ಮಾಗಾಣಿ ಮಿನುಮು’, ಅಂದರೆ ಭತ್ತದ ಗದ್ದೆಯ ಉದ್ದು, ಎನ್ನುತ್ತಾರೆ. ಕೊಯ್ಲಿಗೆ ಇನ್ನೆರಡು ಮೂರು ದಿನ ಇರುವಾಗಲೇ ನಿಂತ ಪೈರಿನೊಳಗೆ ಎಕರೆಗೆ ಸುಮಾರು 16 ಕಿಲೋ ಉದ್ದು ಚೆಲ್ಲುತ್ತಾರೆ. ಆಮೇಲೆ ನೇಗಿಲೂ ಇಲ್ಲ, ಕಾಲುವೆ ನೀರೂ ಇಲ್ಲ. ಎರೆಮಣ್ಣಲ್ಲಿ ಉಳಿದ ತೇವ, ಇರುಳಿನ ಇಬ್ಬನಿ, ಅಷ್ಟರಲ್ಲೇ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕಾಯಿ ಒಣಗುತ್ತದೆ.

ಇದೇ ಗದ್ದೆ ಮಳೆಗಾಲದಲ್ಲಿ ಪಟ್ಟ ಪಾಡು ನೆನೆಯಿರಿ. ನಾಟಿಗೆ ಮೊದಲು ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರ ಕಟ್ಟಿ, ನಿಂತ ನೀರಲ್ಲೇ ‘ದಮ್ಮು’ ಮಾಡುತ್ತಾರೆ. ನಾವು ಕೆಸರು ಹೊಡೆಯುವುದು ಎನ್ನುವುದು ಇದನ್ನೇ. ಮಣ್ಣಿನ ಹರಳು ಹರಳಾದ ಕಟ್ಟು ಒಡೆದು ಗಂಜಿಯಾಗುತ್ತದೆ, ಒಂದು ಗೇಣು ಕೆಳಗೆ ಗಟ್ಟಿ ಪದರ ಕೂರುತ್ತದೆ, ನೀರು ಇಂಗದೆ ನಿಲ್ಲುತ್ತದೆ. ಭತ್ತಕ್ಕೆ ಅದು ಹಿತ. ಮಣ್ಣಿನ ಜೀವಾಣುಗಳ ಮಟ್ಟಿಗೆ ಮಾತ್ರ ಲೋಕವೇ ತಲೆಕೆಳಗು. ಒಂದೆರಡು ದಿನದಲ್ಲೇ ಆಮ್ಲಜನಕ ಮುಗಿಯುತ್ತದೆ. ಉಸಿರಾಡಲು ಅವು ಮೊದಲು ನೈಟ್ರೇಟ್ ಹಿಡಿಯುತ್ತವೆ, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಗಂಧಕ. ಕೆಂಪು ಮಾಸಿ ಮಣ್ಣು ಬೂದಿನೀಲಿಗೆ ತಿರುಗುವುದು ಕಬ್ಬಿಣದ ಸರದಿ ಬಂದಾಗ. ಕೊನೆಗೆ ಮೀಥೇನ್ ಮಾಡುವ ಆರ್ಕಿಯಾ ಎಂಬ ಜೀವಾಣುಗಳ ಆಳ್ವಿಕೆ. ಆ ಮೀಥೇನಿನ ಬಹುಪಾಲು ಆಕಾಶಕ್ಕೆ ಹೋಗುವುದು ಗುಳ್ಳೆಯಾಗಿ ಅಲ್ಲ, ಭತ್ತದ ಪೈರಿನ ಒಳಗಿನ ಪೊಳ್ಳು ನಾಳಗಳ ಮೂಲಕ. ಅದೇ ನಾಳಗಳಲ್ಲಿ ಆಮ್ಲಜನಕ ಕೆಳಗಿಳಿದು ಬೇರಿನ ಸುತ್ತ ತುಕ್ಕಿನ ಬಣ್ಣದ ತೆಳು ಅಂಗಿ ತೊಡಿಸುತ್ತದೆ. ಒಂದು ಬುಡ ಕಿತ್ತು ತೊಳೆದು ನೋಡಿ, ಕಾಣುತ್ತದೆ. ನಿಂತ ನೀರಿನ ನೀಲಿ-ಹಸಿರು ಪಾಚಿಯ ಉಪಕಾರವನ್ನೂ ಮರೆಯಬಾರದು. ಅದು ಗದ್ದೆಗೆ ಸಾರಜನಕ ತುಂಬುವುದನ್ನು 1939ರಲ್ಲೇ ವಿಜ್ಞಾನಿ ಪಿ.ಕೆ. ದೇ ತೋರಿಸಿದ್ದರು.

ನಾನು ಮಣ್ಣನ್ನು ಮೂಗಿನಿಂದ ಓದುತ್ತೇನೆ. ಆಗಸ್ಟಿನ ಕೆಸರಲ್ಲಿ ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಗಂಧಕದ ಬ್ಯಾಕ್ಟೀರಿಯಾಗಳು ದುಡಿಯುತ್ತಿವೆ. ಜನವರಿಯಲ್ಲಿ ಉದ್ದಿನ ಬುಡದ ಮಣ್ಣು ಚಿವುಟಿದರೆ ಮೊದಲ ಮಳೆಯ ಘಮ, ಅದು ಗಾಳಿ ಬಯಸುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳದು. ಉಳದೆ ಬಿಟ್ಟದ್ದರಿಂದ ಸತ್ತ ಭತ್ತದ ಬೇರುಗಳ ಕಂಡಿಗಳು ಹಾಗೇ ಉಳಿದಿರುತ್ತವೆ, ಉದ್ದಿನ ಬೇರು ಆ ಹಾದಿ ಹಿಡಿದೇ ಇಳಿಯುತ್ತದೆ. ಕೂಳೆ ಕೊಳೆಯುವ ಮೇಲಿನ ಎರಡಂಗುಲದಲ್ಲಿ ಜೀವಾಣುಗಳ ಸಂತೆ. ಶಿಲೀಂಧ್ರದ ಎಳೆಗಳನ್ನು ಕತ್ತರಿಸುವವರಿಲ್ಲ. ಬೇರಿನ ಗಂಟೊಂದನ್ನು ಉಗುರಲ್ಲಿ ಸೀಳಿದರೆ ಒಳಗೆ ತಿಳಿಗೆಂಪು. ನೀರಿನಡಿ ತಿಂಗಳುಗಟ್ಟಲೆ ಕಾದಿದ್ದ ರೈಜೋಬಿಯಂ ಬ್ಯಾಕ್ಟೀರಿಯಾ ಈಗ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಕಷ್ಟಗಳೂ ಇವೆ. ಬೇರಿಲ್ಲದ ಹಳದಿ ಬಳ್ಳಿ ಕಸ್ಕ್ಯೂಟಾ ಉದ್ದನ್ನು ಹೀರುತ್ತದೆ. ಹಳದಿ ನಂಜುರೋಗ ಬಂದ ವರ್ಷ ಕೈಗೆ ಏನೂ ಸಿಗದು. ಕೊಯ್ಲಿನ ಯಂತ್ರ ಒದ್ದೆ ಮಣ್ಣನ್ನು ಒತ್ತಿ ಹಾಳುಮಾಡುತ್ತದೆ. ಹಲವರು ಮೆಕ್ಕೆಜೋಳಕ್ಕೆ ಹೊರಳಿದ್ದಾರೆ. ಅದನ್ನೂ ಉಳದೇ ಊರುತ್ತಾರೆಂಬುದು ಸಮಾಧಾನ. ಆದರೆ ಗಾಳಿಯಿಂದ ಸಾರಜನಕ ಹಿಡಿದು ಕೊಡುವ ಬೆಳೆ ಅದಲ್ಲ.

ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ತುಂಗಭದ್ರಾ ಅಣೆಕಟ್ಟು ಬಂದ 1950ರ ದಶಕದಿಂದ ಈ ಕರಾವಳಿ ಆಂಧ್ರದ ರೈತರೇ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಬಂದು ಕ್ಯಾಂಪ್ ಕಟ್ಟಿ ಭತ್ತ ಬೆಳೆದರು. ದಮ್ಮು ಅವರ ಜೊತೆ ಬಂತು. ಕಾಲುವೆಯಲ್ಲಿ ನೀರಿರುವ ತನಕ ಎರಡನೇ ಬೆಳೆಯೂ ಭತ್ತವೇ ಆಗಿ, ವರ್ಷಕ್ಕೆ ಎರಡು ಸಲ ಅದೇ ಮಣ್ಣು ಗಂಜಿಯಾಗುತ್ತಿದೆ. ಬೇಸಿಗೆ ಬೆಳೆಗೆ ನೀರು ಬಿಡದ ವರ್ಷ ಬಂದರೆ, ಅಲ್ಲಿಯ ರೈತಬಂಧುಗಳೇ, ಒಂದೇ ಒಂದು ಎಕರೆಯಲ್ಲಿ ಕೊಯ್ಲಿಗೆ ಮೊದಲು ಉದ್ದು ಚೆಲ್ಲಿ ನೋಡಿ. ಕೂಳೆಗೆ ಬೆಂಕಿ ಹಚ್ಚಬೇಡಿ, ರೋಟವೇಟರ್ ಇಳಿಸಬೇಡಿ. ಜನವರಿಯಲ್ಲಿ ಒಂದು ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡಿ.