ನಾಲ್ಕು ಖಾಲಿ ಜಾಗ

ಅಕ್ಷರ ಜೋಡಿಸುವ ತಂತ್ರಾಂಶ ಲೇಟೆಕ್‌ನ ಬಹುತೇಕ ಪ್ಯಾಕೇಜುಗಳಿಗೆ ಸಿದ್ಧ ಕೈಪಿಡಿ ಪಿಡಿಎಫ್ ಆಗಿ ಸಿಗುತ್ತದೆ. ಆದರೂ ನಾನು ಮೂಲ ಕಡತ ಇಳಿಸಿಕೊಂಡು ಪುಸ್ತಕವನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಅಂಗಡಿಯಲ್ಲಿ ಸಾರಿನ ಪುಡಿ ಸಿಕ್ಕರೂ ಧನಿಯಾ ಹುರಿಯುತ್ತ ನಿಲ್ಲುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಒಂದೇ ಮೂಲದಿಂದ ಕೋಡನ್ನೂ ಪುಸ್ತಕವನ್ನೂ ಪಡೆಯುವ ದಾರಿ ಮೊದಲು ತೋರಿಸಿದವರು ಡೊನಾಲ್ಡ್ ಕ್ನೂತ್. ಲೇಟೆಕ್‌ಗೆ ತಳಹದಿಯಾದ ಟೆಕ್ ಬರೆಯುವಾಗ ಅವರು ಪ್ರೋಗ್ರಾಮನ್ನೂ ಅದರ ವಿವರಣೆಯನ್ನೂ ಒಂದೇ ಕಡತದಲ್ಲಿ ಇಟ್ಟರು. ‘ವೀವ್’ ಎಂಬ ಸಾಧನ ಅದನ್ನು ಓದುಗನಿಗಾಗಿ ಪುಟಗಳಾಗಿ ನೇಯುತ್ತದೆ. ‘ಟ್ಯಾಂಗಲ್’ ಯಂತ್ರಕ್ಕಾಗಿ ಪ್ಯಾಸ್ಕಲ್ ಕೋಡ್ ಹೊರತೆಗೆಯುತ್ತದೆ. ಹೊರಬಂದ ಕೋಡನ್ನು ನೋಡಿದರೆ ಸಿಕ್ಕು ಎಂಬ ಹೆಸರು ಸುಮ್ಮನೆ ಇಟ್ಟದ್ದಲ್ಲವೆಂದು ತಿಳಿಯುತ್ತದೆ.

ಅದೇ ಹಾದಿಯಲ್ಲಿ ಫ್ರಾಂಕ್ ಮಿಟ್ಟೆಲ್‌ಬಾಖ್ ಲೇಟೆಕ್‌ಗೆ ‘ಡಾಕ್’ ಪ್ಯಾಕೇಜ್ ಮಾಡಿದರು. ಅದರ ಜಾಣತನ ನನಗೆ ಇಂದಿಗೂ ಹಳತಾಗಿಲ್ಲ. ಟೆಕ್‌ನಲ್ಲಿ ಶೇಕಡಾ ಚಿಹ್ನೆ ಬಂದರೆ ಆ ಸಾಲಿನ ಉಳಿದದ್ದೆಲ್ಲ ಅದರ ಕಣ್ಣಿಗೆ ಬೀಳದು. ಪ್ಯಾಕೇಜಿನ ಕೋಡೂ ವಿವರಣೆಯೂ ಒಟ್ಟಿಗಿರುವ ಡಿಟಿಎಕ್ಸ್ ಕಡತದಲ್ಲಿ ವಿವರಣೆಯ ಸಾಲುಗಳೆಲ್ಲ ಆ ಚಿಹ್ನೆಯಿಂದಲೇ ಶುರು. ಕೈಪಿಡಿ ಕಟ್ಟುವ ಹೊತ್ತಿಗೆ ಮಾತ್ರ ‘ಚಿಹ್ನೆಯೊಂದನ್ನೇ ಕಡೆಗಣಿಸು’ ಎಂದು ಟೆಕ್‌ಗೆ ಅಪ್ಪಣೆಯಾಗುತ್ತದೆ. ಬಚ್ಚಿಟ್ಟುಕೊಂಡಿದ್ದ ಮಾತೆಲ್ಲ ಆಗ ಅಂಗಳಕ್ಕೆ ಬರುತ್ತದೆ.

ಸಿಟಾನ್ ಭಂಡಾರದಿಂದ ಡಿಟಿಎಕ್ಸ್ ಜೊತೆಗೆ ಇಳಿಸಿಕೊಂಡ ಐಎನ್‌ಎಸ್ ಎಂಬ ಅನುಸ್ಥಾಪನೆಯ ಕಡತವನ್ನು ಓಡಿಸಿದರೆ ವಿವರಣೆ ಉದುರಿ ಬಳಸುವ ಪ್ಯಾಕೇಜ್ ಉಳಿಯುತ್ತದೆ. ಡಿಟಿಎಕ್ಸ್ ಓಡಿಸಿದರೆ ಕೈಪಿಡಿ. ಆದರೆ ಮೊದಲ ಸುತ್ತಿನಲ್ಲಿ ಪರಿವಿಡಿ ಇರುವುದಿಲ್ಲ, ಅಡ್ಡ ಉಲ್ಲೇಖಗಳ ಜಾಗದಲ್ಲಿ ಎರಡೆರಡು ಪ್ರಶ್ನಾರ್ಥಕ ಚಿಹ್ನೆ. ಮುಂದೆ ಏನು ಯಾವ ಪುಟದಲ್ಲಿ ಬರುತ್ತದೆಂದು ಟೆಕ್‌ಗೆ ಆಗ ಗೊತ್ತಿಲ್ಲ. ಗೊತ್ತಾದದ್ದನ್ನು ಪಕ್ಕದ ಕಡತದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಎರಡನೇ ಸುತ್ತಿಗೆ ಪರಿವಿಡಿ ಬರುತ್ತದೆ, ಬಂದು ತಾನೇ ಜಾಗ ಹಿಡಿದು ಪುಟಗಳನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಮೂರನೆಯದು. ನಡುವೆ ‘ಮೇಕ್‌ಇಂಡೆಕ್ಸ್’ನಿಂದ ಪದಸೂಚಿ: ಓರೆ ಅಂಕಿ ವಿವರಣೆಯ ಪುಟ, ಅಡಿಗೆರೆಯ ಅಂಕಿ ಹುಟ್ಟಿದ ಸಾಲು, ಬರೀ ಅಂಕಿ ಬಳಕೆಯಾದ ಸಾಲು. ಈ ಸುತ್ತುಗಳನ್ನು ತಾವೇ ಎಣಿಸುವ ಸಾಧನಗಳೂ ಇವೆ. ನನಗೆ ಬೇಡ, ಪ್ರಶ್ನಾರ್ಥಕಗಳು ಒಂದೊಂದಾಗಿ ಅಂಕಿಗಳಾಗುವುದನ್ನು ನೋಡುವುದೇ ಅರ್ಧ ಸುಖ.

ಎಚ್ಚರ ಬೇಕಾದದ್ದು ಒಂದು ಕಡೆ. ಕೋಡಿನ ತುಣುಕು ಮುಗಿಯುವ ಸಾಲಿನಲ್ಲಿ ಶೇಕಡಾ ಚಿಹ್ನೆಗೂ ಮುಕ್ತಾಯದ ಆಜ್ಞೆಗೂ ನಡುವೆ ಸರಿಯಾಗಿ ನಾಲ್ಕು ಖಾಲಿ ಜಾಗ ಇರಬೇಕು. ಒಮ್ಮೆ ಅಚ್ಚುಕಟ್ಟಿನ ಹುಚ್ಚಿನಲ್ಲಿ ನಾನೇ ಅದನ್ನು ಒಂದಕ್ಕಿಳಿಸಿದೆ. ಮುಂದಿದ್ದ ಸೊಗಸಾದ ವಿವರಣೆಯೆಲ್ಲ ಕೋಡಿನ ವೇಷ ತೊಟ್ಟು ಬಂದಿತು. ಕಣ್ಣಿಗೆ ಕಾಣದ ತಪ್ಪನ್ನು ಹುಡುಕುವಷ್ಟರಲ್ಲಿ ಒಂದು ಸಂಜೆ ಹೋಯಿತು.

ಕಟ್ಟಬಾರದ ಪುಸ್ತಕವೂ ಒಂದಿದೆ. 1984ರ ‘ದಿ ಟೆಕ್‌ಬುಕ್’ನ ಮೂಲ ಕಡತ ಸಿಟಾನ್‌ನಲ್ಲೇ ಇದೆ, ಕ್ನೂತ್ ಹೇಗೆ ಬರೆದರೆಂದು ನೋಡಲು ಮಾತ್ರ. ಓಡಿಸಹೋದರೆ ಹಕ್ಕುಸ್ವಾಮ್ಯದ ಎಚ್ಚರಿಕೆ ಕೊನೆಯಿಲ್ಲದೆ ಮರುಕಳಿಸುತ್ತದೆ. ಆ ಸಾಲನ್ನು ಅಳಿಸಲು ಅರೆಗಳಿಗೆ ಸಾಕು. ನಾನು ಮುದ್ರಿತ ಪ್ರತಿ ಕೊಂಡೆ. ಪುಟ ಮೇಜಿನ ಮೇಲೆ, ಮೂಲ ಪರದೆಯ ಮೇಲೆ. ಒಂದು ಸೂತ್ರ ಚೆಂದ ಕಂಡಾಗಲೆಲ್ಲ ಕತ್ತೆತ್ತಿ ನೋಡುತ್ತೇನೆ.